ಕಮಿಷನರ್ ಜೂವ್‌ಗೆ ರಷ್ಯನ್ ದನಿ ಕೊಟ್ಟವರು ಯಾರು?

ಓದುಗರ ಪ್ರಶ್ನೆ: ಹಳೆಯ ಫ್ರೆಂಚ್ ಹಾಸ್ಯಚಿತ್ರ ‘ಫಾಂತೋಮಾಸ್’ ಅನ್ನು ರಷ್ಯನ್‌ನಲ್ಲಿ ನೋಡಿದೆ. ಅದರಲ್ಲಿ ಕಮಿಷನರ್ ಜೂವ್ ಆಗಿರುವ ಲೂಯಿ ದ ಫ್ಯುನೆಸ್ ಮಾತಾಡುವುದೇ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ಆದರೂ ರಷ್ಯನ್ ಮಾತು ತುಟಿಗೆ ಸರಿಯಾಗಿ ಕೂತಿದೆ. ಆ ದನಿ ಯಾರದು? ಅವರು ಡಬ್ಬಿಂಗ್‌ನವರೋ, ನಾಟಕದವರೋ?

ಉತ್ತರ: ದನಿ ವ್ಲಾದಿಮಿರ್ ಕೆನಿಗ್ಸನ್ (1907–1986) ಅವರದು. ಅಪ್ಪಟ ನಾಟಕದವರು. ಸಂಬಳ, ಬಿರುದು, ಹೆಸರು ಎಲ್ಲ ಬಂದದ್ದು ಮಾಸ್ಕೋದ ಮಾಲಿ ಥಿಯೇಟರ್‌ನಿಂದ. ಹಾಗಿದ್ದೂ ಸೋವಿಯತ್ ಕಾಲದ ಸಾಮಾನ್ಯ ಪ್ರೇಕ್ಷಕನಿಗೆ ಅವರ ಮುಖಕ್ಕಿಂತ ದನಿಯ ಗುರುತೇ ಹೆಚ್ಚು. ‘ಫಾಂತೋಮಾಸ್’ ಅಲ್ಲಿ ಬಿಡುಗಡೆಯಾದದ್ದು 1967ರಲ್ಲಿ. ಗೇರಾರ್ ಊರಿ ನಿರ್ದೇಶನದ, ಯುದ್ಧಕಾಲದ ಕಥೆಯ ‘ದೊಡ್ಡ ಸುತ್ತಾಟ’ (1966) ಎಂಬ ಹಾಸ್ಯಚಿತ್ರದಲ್ಲೂ ದ ಫ್ಯುನೆಸ್‌ಗೆ ಇವರದೇ ಕಂಠದಾನ.

ಕೆನಿಗ್ಸನ್ ಹುಟ್ಟಿದ್ದು ಕ್ರೈಮಿಯಾದ ಸಿಂಫೆರೊಪೋಲ್‌ನಲ್ಲಿ. ಪ್ರಾಂತ್ಯದ ರಂಗಮಂದಿರಗಳಲ್ಲಿ ಪಳಗಿ, 1940ರಲ್ಲಿ ಮಾಸ್ಕೋದ ಕಾಮೆರ್ನಿ ಥಿಯೇಟರ್ ಸೇರಿದರು. ಅದು ಅಲೆಕ್ಸಾಂಡರ್ ತಾಯಿರೋವ್ 1914ರಲ್ಲಿ ಕಟ್ಟಿದ ರಂಗಮಂದಿರ. ಅಲ್ಲಿ ನಟನೆಂದರೆ ಮಾತಾಡುವವನಷ್ಟೇ ಆಗಿದ್ದರೆ ಸಾಲದು: ಕುಣಿಯಬೇಕು, ಮೂಕಾಭಿನಯ ಬರಬೇಕು, ಮೈಯಲ್ಲಿ ತಾಳ ಇರಬೇಕು. 1949ರಲ್ಲಿ ತಾಯಿರೋವ್‌ರನ್ನು ಅಧಿಕಾರದಿಂದ ಇಳಿಸಿದರು, ಕಾಮೆರ್ನಿಯ ಕಥೆ ಮುಗಿಯಿತು. ಅದೇ ವರ್ಷ ಕೆನಿಗ್ಸನ್ ಮಾಲಿಗೆ ಬಂದರು, ಕೊನೆತನಕ ಅಲ್ಲೇ ಉಳಿದರು. ಮಾಲಿ ಪೂರಾ ಬೇರೆ ಮನೆತನ. ನಾಟಕಕಾರ ಒಸ್ತ್ರೋವ್‌ಸ್ಕಿಯ ಮನೆ ಎಂದೇ ಅದನ್ನು ಕರೆಯುತ್ತಾರೆ. ಬಾಗಿಲ ಮುಂದೆ ಅವನದೇ ಪ್ರತಿಮೆ ಕೂತಿದೆ. ಅಲ್ಲಿ ಉಚ್ಚಾರವೇ ದೇವರು: ಪದದ ಕೊನೆ ನುಂಗುವಂತಿಲ್ಲ, ಒತ್ತು ತಪ್ಪುವಂತಿಲ್ಲ. ‘ಬರ್ಲಿನ್ ಪತನ’ ಎಂಬ ಚಿತ್ರದಲ್ಲಿ ಜರ್ಮನ್ ಜನರಲ್ ಕ್ರೆಬ್ಸ್ ಪಾತ್ರಕ್ಕೆ 1950ರಲ್ಲಿ ಸ್ಟಾಲಿನ್ ಪ್ರಶಸ್ತಿ ಬಂತು. ಸೋವಿಯತ್ ಒಕ್ಕೂಟದ ಜನತಾ ಕಲಾವಿದ ಎಂಬ ಅತ್ಯುನ್ನತ ಬಿರುದು ಸಿಕ್ಕಿದ್ದು 1982ರಲ್ಲಿ.

ದ ಫ್ಯುನೆಸ್‌ಗೆ ಇಂಥವರೇ ಏಕೆ ಹೊಂದಿದರು ಎನ್ನುವುದಕ್ಕೆ ನಮ್ಮ ಉತ್ತರ ಈ ಎರಡು ಮನೆಗಳಲ್ಲೇ ಇದೆ. ಸಿನಿಮಾಕ್ಕೆ ಬರುವ ಮೊದಲು ದ ಫ್ಯುನೆಸ್ ಬಾರ್‌ಗಳಲ್ಲಿ ಪಿಯಾನೊ ನುಡಿಸುತ್ತಿದ್ದವರು. ಅವರ ಮಾತಿನ ಜೀವ ಇರುವುದು ಲಯದಲ್ಲಿ: ಒಂದು ಗೊಣಗು, ಒಂದು ತಡೆ, ಆಮೇಲೆ ಏಳೆಂಟು ಪದಗಳ ಸುರಿಮಳೆ, ಕೊನೆಗೊಂದು ಕಿರುಚು. ಕೆನಿಗ್ಸನ್ ದ ಫ್ಯುನೆಸ್‌ರ ಕಂಠವನ್ನು ಅಣಕಿಸಲು ಹೋಗಲಿಲ್ಲ, ಲಯವನ್ನು ಹಿಡಿದರು. ತಾಳ ಕಾಮೆರ್ನಿಯದು, ಎಷ್ಟು ವೇಗವಾದರೂ ಪ್ರತಿ ಅಕ್ಷರ ಬಿಡಿಬಿಡಿಯಾಗಿ ಕೇಳುವ ಸ್ಪಷ್ಟತೆ ಮಾಲಿಯದು.

ಇನ್ನು ತುಟಿಯ ವಿಷಯ. ಆಗಿನ ಸ್ಟುಡಿಯೋದಲ್ಲಿ ಚಿತ್ರವನ್ನು ಉದ್ದಕ್ಕೆ ಓಡಿಸಿ ಡಬ್ ಮಾಡುತ್ತಿರಲಿಲ್ಲ. ರೀಲನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿ, ತುಂಡಿನ ಎರಡೂ ತುದಿ ಅಂಟಿಸಿ ಬಳೆ ಮಾಡುತ್ತಿದ್ದರು. ರಷ್ಯನ್‌ನಲ್ಲಿ ಇದಕ್ಕೆ ‘ಕಲ್ತ್ಸೋ’, ಅಂದರೆ ಉಂಗುರ, ಎನ್ನುತ್ತಾರೆ. ಇಂಗ್ಲಿಷ್ ಬಲ್ಲವರ ಬಾಯಲ್ಲಿ ಅದೇ ಲೂಪ್. 35 ಮಿ.ಮೀ. ಫಿಲ್ಮ್ ಸೆಕೆಂಡಿಗೆ 24 ಫ್ರೇಮಿನಂತೆ ಓಡುವಾಗ ಸುಮಾರು 45 ಸೆಂ.ಮೀ. ಸರಿಯುತ್ತದೆ. ಅರ್ಧ ನಿಮಿಷದ ಉಂಗುರಕ್ಕೆ ಹದಿಮೂರು ಹದಿನಾಲ್ಕು ಮೀಟರ್ ಫಿಲ್ಮ್ ಬೇಕು. ನೂರು ನಿಮಿಷದ ಚಿತ್ರದ ತುಂಬ ಮಾತಿದ್ದರೆ ಅಂಥವು 200 ಉಂಗುರ. ಒಂದು ಉಂಗುರ ಪರದೆಯ ಮೇಲೆ ಸುತ್ತಿ ಸುತ್ತಿ ಬರುತ್ತಿರುತ್ತದೆ. ನಟ ಮೊದಲು ಮೂಲದ ದನಿ ಕೇಳುತ್ತಾನೆ, ಆಮೇಲೆ ದನಿ ತೆಗೆದು ಬರೀ ಚಿತ್ರ ನೋಡುತ್ತಾ ತಾಲೀಮು ಮಾಡುತ್ತಾನೆ, ಉಸಿರು ಎಲ್ಲಿ ಎಳೆದುಕೊಳ್ಳಬೇಕೆಂದು ಗುರುತಿಸಿಕೊಳ್ಳುತ್ತಾನೆ, ಕೊನೆಗೆ ಟೇಕ್. ಸುತ್ತು ಹೆಚ್ಚಾದಷ್ಟೂ ತುಟಿ ಹೊಂದುತ್ತದೆ, ನಗೆ ಸಾಯುತ್ತದೆ. ಹಾಸ್ಯ ಚಿತ್ರದ ಡಬ್ಬಿಂಗ್ ಕೆಡುವುದು ಹೆಚ್ಚಾಗಿ ಇಲ್ಲೇ.

ನಟನಿಗಿಂತ ಮೊದಲು ಇನ್ನೊಬ್ಬರ ಕೆಲಸ ಮುಗಿದಿರಬೇಕು. ಅವರಿಗೆ ‘ಉಕ್ಲಾದ್ಚಿಕ್’ ಎಂದು ಹೆಸರು. ಮಾತನ್ನು ತುಟಿಯ ಮೇಲೆ ಜೋಡಿಸಿಡುವವರು. ಅನುವಾದಕ ಕೊಟ್ಟ ಅರ್ಥವನ್ನು ಹಿಡಿದು, ಪರದೆಯ ಬಾಯಿ ನೋಡಿ ಸಾಲು ಕಟ್ಟುತ್ತಾರೆ. ಪ, ಬ, ಮ ಬಂದಲ್ಲಿ ತುಟಿ ಮುಚ್ಚಲೇಬೇಕು. ಆ ಮುಚ್ಚುವಿಕೆ ಇರುವುದು ಸುಮಾರು ಎರಡು ಫ್ರೇಮ್, ಸೆಕೆಂಡಿನ ಹನ್ನೆರಡನೇ ಒಂದು ಭಾಗ. ಆದರೂ ಸಮೀಪದ ಶಾಟ್‌ನಲ್ಲಿ ಕಣ್ಣು ಅದನ್ನು ಬಿಡುವುದಿಲ್ಲ. ಒಂದು ಪುಟ್ಟ ಪದವನ್ನೇ ನೋಡಿ. ಫ್ರೆಂಚ್‌ನಲ್ಲಿ ಹೌದು ಎನ್ನಲು ‘ವಿ’: ತುಟಿ ಮೊದಲು ಉರುಟಾಗಿ ಮುಂದೆ ಬಂದು ಆಮೇಲೆ ಅಗಲವಾಗುತ್ತದೆ. ರಷ್ಯನ್ನಿನ ‘ದಾ’ ಹೇಳಿದರೆ ಬಾಯಿ ನೇರ ತೆರೆದುಬಿಡುತ್ತದೆ, ಉರುಟು ಕಾಣೆ. ಮುಂದೊಂದು ‘ನು’ ಸೇರಿಸಿ ‘ನು ದಾ’ ಎಂದರೆ ಆ ಉರುಟು ಸಿಕ್ಕಿತು. ‘ಹ್ಞೂಂ, ಹೌದು’ ಅಂದ ಹಾಗೂ ಆಯಿತು. ಇನ್ನೊಂದು ತೊಡಕು ಒತ್ತಿನದು. ಫ್ರೆಂಚ್‌ನಲ್ಲಿ ಒತ್ತು ಸದಾ ಪದಪುಂಜದ ಕೊನೆಗೆ ಬೀಳುತ್ತದೆ, ರಷ್ಯನ್‌ನಲ್ಲಿ ಪದದಿಂದ ಪದಕ್ಕೆ ಜಾಗ ಬದಲಿಸುತ್ತದೆ. ದ ಫ್ಯುನೆಸ್ ವಾಕ್ಯದ ತುದಿಯಲ್ಲಿ ಕೈ ಬೀಸಿ ಹುಬ್ಬು ಹಾರಿಸುವ ಹೊತ್ತಿಗೇ ರಷ್ಯನ್ ಒತ್ತೂ ಬೀಳಬೇಕು. ಅದಕ್ಕಾಗಿ ಸಾಲನ್ನೇ ತಿರುಗಿಸಿ ಬರೆಯುತ್ತಾರೆ. ಪದಗಳ ಜಾಗ ಬದಲಿಸಲು ರಷ್ಯನ್ ಸಲೀಸಾಗಿ ಬಿಡುತ್ತದೆ, ಪುಣ್ಯ.

ರಂಗನಟ ಮೈಕಿನ ಮುಂದೆ ಸಾಮಾನ್ಯವಾಗಿ ಎಡವುವುದು ದನಿಯ ಗಾತ್ರದಲ್ಲಿ. ಮಾಲಿಯ ಬಾಲ್ಕನಿಗೆ ಮುಟ್ಟಿಸುವ ದನಿಯನ್ನು ಮೊಳ ದೂರದ ಮೈಕಿಗೆ ಕೊಟ್ಟರೆ ಘೋಷಣೆ ಕೂಗಿದಂತಿರುತ್ತದೆ. ಹಾಗಂತ ದನಿ ತಗ್ಗಿಸಿದರೆ ಮೈಯೂ ತಣ್ಣಗಾಗುತ್ತದೆ. ಓಡುತ್ತಿರುವ ಪಾತ್ರಕ್ಕೆ ಕುರ್ಚಿಯಲ್ಲಿ ಕೂತವನ ಮಾತು ಬರುತ್ತದೆ. ಮೈ ಪೂರ್ತಿ ದುಡಿಯಬೇಕು, ಕಾಲು ಮಾತ್ರ ಅಲ್ಲಾಡಬಾರದು, ಕೈಯಲ್ಲಿರುವ ಹಾಳೆ ಸರಕ್ಕೆನ್ನಬಾರದು. ಪಾತ್ರ ದೂರ ಹೋದರೆ ಒಂದೆರಡು ಹೆಜ್ಜೆ ಹಿಂದೆ ಸರಿದು ಇಲ್ಲವೇ ಮುಖ ಪಕ್ಕಕ್ಕೆ ತಿರುಗಿಸಿ ಹೇಳಬೇಕು. ಇನ್ನೊಂದು ಗುಟ್ಟು: ಮಾತು ತುಟಿಗಿಂತ ಒಂದು ಫ್ರೇಮ್ ತಡವಾದರೆ ಕಣ್ಣು ಕ್ಷಮಿಸುತ್ತದೆ, ಮುಂಚೆ ಬಂದರೆ ಕ್ಷಮಿಸುವುದಿಲ್ಲ. ಮಿಂಚಿನ ಹಿಂದೆ ಗುಡುಗು ಕೇಳಿ ಅಭ್ಯಾಸವಾದವರು ನಾವು.

‘ಫಾಂತೋಮಾಸ್’ನಲ್ಲಿ ಒಂದು ತಮಾಷೆಯಿದೆ. ಖಳನಿಗೆ ಹಸಿರುನೀಲಿ ಮುಖವಾಡ, ತುಟಿ ಅಲ್ಲಾಡುವುದೇ ಕಷ್ಟ; ಯಾವ ಭಾಷೆಯ ಸಾಲು ಬೇಕಾದರೂ ಅಲ್ಲಿ ಕೂರುತ್ತದೆ. ಮುಖವಾಡದೊಳಗಿರುವುದು ಜ್ಯಾನ್ ಮಾರೆ. ಆದರೆ ಮೂಲ ಫ್ರೆಂಚ್‌ನಲ್ಲೇ ಖಳನಿಗೆ ರೇಮೊಂ ಪೆಲ್ಲೆಗ್ರಾಂ ಎಂಬ ಬೇರೆ ನಟನ ದನಿ! ರಷ್ಯನ್‌ನಲ್ಲಿ ಮಾರೆಗೆ ದನಿ ಕೊಟ್ಟವರು ವ್ಲಾದಿಮಿರ್ ದ್ರುಝ್ನಿಕೋವ್. ಕಷ್ಟವೆಲ್ಲ ಕಮಿಷನರ್ ಜೂವ್ ಪಾಲಿಗೆ. ಆತನ ಬಾಯಿ ಮಾತಿಲ್ಲದಾಗಲೂ ಸುಮ್ಮನಿರುವುದಿಲ್ಲ. ಕೆಮ್ಮು, ಏದುಸಿರು, ಹಲ್ಲುಕಡಿತ, ನಿದ್ದೆಗಣ್ಣಿನ ಗೊಣಗಾಟ, ಯಾವುದಕ್ಕೂ ಅನುವಾದ ಬೇಕಿಲ್ಲ, ಆದರೆ ಪ್ರತಿಯೊಂದನ್ನೂ ಹೊಸದಾಗಿ ಆಡಬೇಕು. ಡಬ್ಬಿಂಗ್‌ಗೆ ಕಳಿಸುವ ಪ್ರತ್ಯೇಕ ಧ್ವನಿಪಟ್ಟಿಯಲ್ಲಿ ಸಂಗೀತ, ಬಾಗಿಲ ಸದ್ದು ಇರುತ್ತವೆ. ನಟನ ಉಸಿರು ಮಾತಿನ ಜೊತೆಗೇ ಹೊರಟುಹೋಗಿರುತ್ತದೆ. ಅದನ್ನು ಬಿಟ್ಟರೆ ಪಾತ್ರ ಸಾಲು ಸಾಲಿನ ನಡುವೆ ಸತ್ತು ಸತ್ತು ಎದ್ದಂತೆ ಕಾಣುತ್ತದೆ.

ತುಟಿಗೆ ಕೂರಿಸುವ ಈ ಡಬ್ಬಿಂಗನ್ನು, ಮೂಲದ ದನಿ ಹಿಂದೆ ಕೇಳುತ್ತಿರುವಾಗಲೇ ಮೇಲೊಂದು ದನಿ ಅನುವಾದ ಓದುತ್ತಾ ಹೋಗುವ ಪದ್ಧತಿಯ ಜೊತೆ ಬೆರೆಸಬೇಡಿ. ಅದೂ ರಷ್ಯದಲ್ಲಿ ಬಹಳ ಚಾಲ್ತಿಯಲ್ಲಿತ್ತು, ವಿಡಿಯೋ ಕ್ಯಾಸೆಟ್ ಕಾಲದಲ್ಲಂತೂ ಮನೆಮನೆಯಲ್ಲಿತ್ತು. ಅಲ್ಲಿ ತುಟಿಯ ಗೊಡವೆಯಿಲ್ಲ.

ನಾಟಕದವರೋ ಡಬ್ಬಿಂಗ್‌ನವರೋ ಎಂದು ಕನ್ನಡಿಗರೊಬ್ಬರು ಕೇಳುವುದು ಸಹಜವೇ. ನಮ್ಮಲ್ಲಿ 1960ರ ದಶಕದಿಂದ ಪರಭಾಷಾ ಚಿತ್ರಗಳ ಡಬ್ಬಿಂಗ್‌ಗೆ ವಿರೋಧವಿತ್ತು, 2015ರಲ್ಲಿ ವ್ಯಾಪಾರದ ಪೈಪೋಟಿಯ ಮೇಲೆ ಕಣ್ಣಿಡುವ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಬಾಗಿಲು ತೆರೆಯಿತು. ಹೀಗಾಗಿ ಕಂಠದಾನವೆಂದರೆ ಅವಕಾಶವಿಲ್ಲದವರ ಕೆಲಸ ಎಂಬ ಭಾವನೆ ಇನ್ನೂ ಪೂರ್ತಿ ಹೋಗಿಲ್ಲ. ಮಾಸ್ಕೋದಲ್ಲಿ ದೊಡ್ಡ ರಂಗಮಂದಿರದ ನಟರೇ ಬಿಡುವಿನಲ್ಲಿ ಹೋಗಿ ದನಿ ಕೊಟ್ಟು ಬರುತ್ತಿದ್ದರು. ಡಬ್ ಆದ ಚಿತ್ರದ ಶುರುವಿನ ಹೆಸರುಗಳಲ್ಲಿ ‘ರೋಲಿ ದುಬ್ಲಿರೂಯುತ್’, ಅಂದರೆ ಪಾತ್ರಗಳಿಗೆ ದನಿ ನೀಡಿದವರು, ಎಂಬ ಸಾಲು ಬರುತ್ತದೆ. ನಿಮ್ಮಲ್ಲಿರುವ ಪ್ರತಿಯಲ್ಲಿ ಆ ಭಾಗ ಕತ್ತರಿಸದೆ ಉಳಿದಿದ್ದರೆ ಕೆನಿಗ್ಸನ್ ಹೆಸರನ್ನು ಅಲ್ಲಿ ಹುಡುಕಿ.