‘ಹೊರಲಾರದ ಭಾರ ದೇವರು ಕೊಡಲ್ಲ’ ಅಂತಾರೆ. ಮತ್ತೆ ನಾನ್ಯಾಕೆ ಕುಸಿದೆ?

ಪ್ರಶ್ನೆ: ಎರಡು ವರ್ಷದಿಂದ ಮನೆಯಲ್ಲಿ ಒಂದಾದ ಮೇಲೊಂದು ಕಷ್ಟ. ಚರ್ಚಿನ ಸಭೆಯಲ್ಲಿ ಎಲ್ಲರೂ ಹೇಳುವುದು ಒಂದೇ ಮಾತು: ‘ಹೊರಲಾರದ ಭಾರವನ್ನು ದೇವರು ಕೊಡಲ್ಲ.’ ನನಗೆ ಹೊರಲು ಆಗಲಿಲ್ಲ. ಹಾಗಾದರೆ ನನ್ನ ನಂಬಿಕೆಯೇ ಕಮ್ಮಿಯಾ?

ಉತ್ತರ: ಅಲ್ಲ. ಆ ಮಾತು ಬೈಬಲ್ಲಿನಲ್ಲಿ ಆ ರೂಪದಲ್ಲಿ ಎಲ್ಲೂ ಇಲ್ಲ.

ಅದು ಹುಟ್ಟಿದ್ದು ಯೇಸುವಿನ ಸಂದೇಶ ಸಾರಿದ ಅಪೊಸ್ತಲ ಪೌಲನು ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ ಮೊದಲ ಪತ್ರದಿಂದ, 10:13ರಿಂದ. ಅಲ್ಲಿ ದೇವರು ನಮ್ಮ ಶಕ್ತಿ ಮೀರಿ ಬರಗೊಡಿಸುವುದಿಲ್ಲ ಅಂತ ಹೇಳಿರುವುದು ಶೋಧನೆಯನ್ನು, ಅಂದರೆ ಪಾಪಕ್ಕೆ ಎಳೆಯುವ ಸೆಳೆತವನ್ನು. ಆ ಗ್ರೀಕ್ ಪದಕ್ಕೆ ಪರೀಕ್ಷೆ ಅನ್ನುವ ಅರ್ಥವೂ ಇದೆ, ನಿಜ. ಆದರೆ ಹಿಂದುಮುಂದಿನ ಸಾಲು ಓದಿ ನೋಡಿ. ಮರುಭೂಮಿಯಲ್ಲಿ ಇಸ್ರಾಯೇಲ್ಯರು ವಿಗ್ರಹಕ್ಕೆ ಬಿದ್ದದ್ದು, ಗೊಣಗಿದ್ದು, ಇಂಥದ್ದೇ ವಿಷಯ. ಮರುವಚನದಲ್ಲೇ ‘ವಿಗ್ರಹಾರಾಧನೆಯಿಂದ ಓಡಿಹೋಗಿ’ ಎನ್ನುತ್ತಾನೆ. ಪಾಪದ ಸೆಳೆತಕ್ಕೆ ತಪ್ಪಿಸಿಕೊಳ್ಳುವ ದಾರಿ ಇದ್ದೇ ಇರುತ್ತದೆ ಅನ್ನುವುದು ಅವನ ಮಾತು. ಸಾವು, ಸಾಲ, ಕಾಯಿಲೆ ಎಷ್ಟು ಬಂದರೂ ನೀವು ನೆಟ್ಟಗೆ ನಿಂತಿರುತ್ತೀರಿ ಅಂತ ಅವನು ಹೇಳಿಲ್ಲ.

ಹೇಳಲು ಅವನಿಗೆ ಸಾಧ್ಯವೂ ಇರಲಿಲ್ಲ. ಅದೇ ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಮೊದಲ ಅಧ್ಯಾಯದಲ್ಲೇ ತನ್ನ ಕಥೆ ಹೇಳಿಕೊಳ್ಳುತ್ತಾನೆ. ಆಸ್ಯ ಸೀಮೆಯಲ್ಲಿ (ಈಗಿನ ಟರ್ಕಿಯ ಪಶ್ಚಿಮ ಭಾಗ) ಬಂದ ಕಷ್ಟ ನಮ್ಮ ಶಕ್ತಿಗೆ ಮೀರಿತ್ತು, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಅಂತ. ಅಪೊಸ್ತಲನೇ ಹೀಗೆ ಬರೆದಿರುವಾಗ ನಿಮ್ಮನ್ನು ಯಾರು ಯಾಕೆ ದೂರಬೇಕು?

ಈ ಮಾತನ್ನು ಒಂದು ಕಾಲದಲ್ಲಿ ನಾನೂ ಹೇಳಿದ್ದೇನೆ. ಆಸ್ಪತ್ರೆಯ ವರಾಂಡದಲ್ಲಿ, ಮಗನನ್ನು ಒಳಗೆ ಮಲಗಿಸಿ ಕೂತಿದ್ದ ಒಬ್ಬ ತಾಯಿಗೆ. ಅವರು ‘ಹ್ಞೂಂ’ ಅಂದರು. ಆಮೇಲೆ ಮಾತು ನಿಲ್ಲಿಸಿಬಿಟ್ಟರು. ನಾನು ಸಮಾಧಾನ ಹೇಳಿದೆ ಅಂದುಕೊಂಡು ಎದ್ದುಬಂದೆ. ನಿಜಕ್ಕೂ ಮಾಡಿದ್ದು ಅವರ ಬಾಯಿ ಮುಚ್ಚಿಸಿದ್ದು.

ಎಲೀಯನ ಕಥೆ ನೆನಪಿದೆಯಲ್ವಾ? ಮೊದಲನೇ ಅರಸುಗಳು, 19ನೇ ಅಧ್ಯಾಯ. ರಾಣಿ ಈಜೆಬೆಲಳಿಗೆ ಹೆದರಿ ಮರುಭೂಮಿಗೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು ‘ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ’ ಅಂತ ಬೇಡಿ ಮಲಗಿಬಿಡುತ್ತಾನೆ. ಹಿಂದಿನ ಅಧ್ಯಾಯದಲ್ಲಿ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ ಇವನೇ! ದೇವದೂತ ಬಂದವನು ಬುದ್ಧಿ ಹೇಳುವುದಿಲ್ಲ, ಬೈಯುವುದೂ ಇಲ್ಲ. ಮುಟ್ಟಿ ಎಬ್ಬಿಸಿ ‘ಎದ್ದು ತಿನ್ನು’ ಎನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಬರುತ್ತಾನೆ, ಮತ್ತೆ ಅದೇ ಮಾತು. ಜೊತೆಗೆ, ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂತಲೂ ಹೇಳುತ್ತಾನೆ. ಗಮನಿಸಿ, ಶಕ್ತಿಗೆ ಮೀರಿದ್ದು ಅಂತ ದೇವರ ಕಡೆಯಿಂದ ಬಂದವನೇ ಒಪ್ಪಿಕೊಳ್ಳುತ್ತಾನೆ.

ಹಾಗಾದರೆ ಕಷ್ಟದಲ್ಲಿ ಬೆಳೆಯುವುದು ಅಂದರೆ ಏನು? ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಳಗಿದ ಗುಣ, ಅದರಿಂದ ನಿರೀಕ್ಷೆ ಅಂತ ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯ ಹೇಳುತ್ತದೆ. ಇದನ್ನು ಜಿಮ್ಮಿನ ಲೆಕ್ಕದಲ್ಲಿ ಓದುವವರು ಜಾಸ್ತಿ. ಭಾರ ಎತ್ತಿದಷ್ಟೂ ತೋಳು ಗಟ್ಟಿ ಅಂತ. ಆದರೆ ಪೌಲನು ಆಸ್ಯದಲ್ಲಿ ಕಲಿತದ್ದು ಬೇರೆ. ನಮ್ಮ ಮೇಲೆ ನಾವೇ ಭರವಸೆ ಇಡಬಾರದು, ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಇಡಬೇಕು, ಅದಕ್ಕೇ ಹೀಗಾಯಿತು ಎನ್ನುತ್ತಾನೆ. ಅಂದರೆ ಅವನ ತೋಳು ಗಟ್ಟಿಯಾಗಲಿಲ್ಲ, ಒಬ್ಬನೇ ಎತ್ತುತ್ತೇನೆ ಅನ್ನುವ ಹಟ ಹೋಯಿತು. ಕೊರಿಂಥದವರಿಗೆ ಬರೆದ ಆ ಎರಡನೇ ಪತ್ರದ 7ನೇ ಅಧ್ಯಾಯದಲ್ಲಿ, ಹೊರಗೆ ಜಗಳ, ಒಳಗೆ ಭಯ ಇದ್ದಾಗ ದೇವರು ನಮ್ಮನ್ನು ಸಂತೈಸಿದನು ಎನ್ನುತ್ತಾನೆ. ಹೇಗೆ? ಗೆಳೆಯ ತೀತ ಬಂದ. ಅಷ್ಟೇ.

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಆಗಿದ್ದು ಕುಸಿದದ್ದಕ್ಕಲ್ಲ. ಇಡೀ ಪತ್ರದಲ್ಲಿ ಜೊತೆಗಿರುವ ಒಬ್ಬರ ಸುದ್ದಿಯೂ ಇಲ್ಲ. ಉಪದೇಶ ಮಾಡದೆ ಕೇಳಿಸಿಕೊಳ್ಳುವ ಒಬ್ಬರನ್ನು ಹುಡುಕಿ, ‘ನನ್ನ ಕೈಲಿ ಆಗ್ತಿಲ್ಲ’ ಅಂತ ಇದೇ ಶಬ್ದಗಳಲ್ಲಿ ಹೇಳಿ. ವಾರಗಟ್ಟಲೆ ನಿದ್ದೆ, ಊಟ ಕೆಟ್ಟಿದ್ದರೆ ಡಾಕ್ಟರಿಗೂ ತೋರಿಸಿ. ಸಾಯಬೇಕು ಅನ್ನಿಸುತ್ತಿದ್ದರೆ ಇವತ್ತೇ ಹೋಗಿ, ಒಬ್ಬರೇ ಹೋಗಬೇಡಿ.