ಮೂವತ್ತೂ ಇಂಜಿನ್ ಬಿಚ್ಚಿ ಮತ್ತೆ ಕಟ್ಟಿದ್ದು ಯಾಕೆ?

ಇಂಗ್ಲೆಂಡಿನ ಸದರ್ನ್ ರೈಲ್ವೆಗಾಗಿ 1941ರಿಂದ 1949ರ ನಡುವೆ 30 ‘ಮರ್ಚೆಂಟ್ ನೇವಿ’ ಉಗಿ ಇಂಜಿನ್‌ಗಳು ತಯಾರಾದವು. ಹೆಚ್ಚಿನವುಗಳಿಗೆ ಹಡಗು ಕಂಪನಿಗಳ ಹೆಸರು. ನಮ್ಮ ಕರಾವಳಿಗೂ ಹಡಗು ಓಡಿಸಿದ ಬ್ರಿಟಿಷ್ ಇಂಡಿಯಾ ಕಂಪನಿಯ ಹೆಸರೂ ಒಂದಕ್ಕಿತ್ತು.

ವಿನ್ಯಾಸ ಆ ರೈಲ್ವೆಯ ಮುಖ್ಯ ಮೆಕ್ಯಾನಿಕಲ್ ಇಂಜಿನಿಯರ್ ಆಲಿವರ್ ಬುಲೀಡ್ ಅವರದು. ಇಂಜಿನ್ ನೋಡಿಕೊಳ್ಳುವ ಶೆಡ್‌ನವರಿಗೆ ಕೆಲಸ ಕಡಿಮೆಯಾಗಲಿ ಅನ್ನುವುದು ಅವರ ಆಸೆ. ಅದಕ್ಕೇ ಸಿಲಿಂಡರಿಗೆ ಹಬೆ ಬಿಡುವ ಕವಾಟಗಳನ್ನು ಚೈನಿನಿಂದ ನಡೆಸಿ, ಆ ಚೈನನ್ನೂ ನಡುವಿನ ಸಿಲಿಂಡರಿನ ರಾಡನ್ನೂ ಎಣ್ಣೆ ತುಂಬಿದ ಪೆಟ್ಟಿಗೆಯೊಳಗೆ ಮುಚ್ಚಿಟ್ಟರು. ಆದರೆ ಆದದ್ದು ತದ್ವಿರುದ್ಧ. ಓಡಿದಂತೆಲ್ಲ ಚೈನು ಹಿಗ್ಗುತ್ತಿತ್ತು, ಸಿಲಿಂಡರಿಗೆ ಹಬೆ ಹೋಗುವ ಲೆಕ್ಕ ತಪ್ಪುತ್ತಿತ್ತು. ಪೆಟ್ಟಿಗೆಯಿಂದ ಎಣ್ಣೆ ಸೋರಿ ಚಕ್ರಕ್ಕೆ ತಗುಲಿದರೆ ಇಂಜಿನ್ ಹಳಿಯ ಮೇಲೆ ಜಾರುತ್ತಿತ್ತು. ಬಾಯ್ಲರ್ ಸುತ್ತಲಿನ ಹೊದಿಕೆಗೆ ಹಿಡಿದರೆ ಒಂದು ಕಿಡಿ ಸಾಕು, ಬೆಂಕಿ! ಮೈತುಂಬ ಹೊದಿಸಿದ್ದ ತಗಡಿನ ಕವಚದಿಂದಾಗಿ ಹೊಗೆ ಮೇಲೆ ಹೋಗದೆ ಡ್ರೈವರ್ ಕಣ್ಣಿಗೇ ಅಡ್ಡ ಬರುತ್ತಿತ್ತು.

ಬಾಯ್ಲರ್ ಮಾತ್ರ ಅದ್ಭುತ. ಎಷ್ಟು ಬೇಕಾದರೂ ಹಬೆ ಕೊಡುತ್ತಿತ್ತು.

1953ರ ಏಪ್ರಿಲ್ 24ರಂದು ಕ್ರೂಕರ್ನ್ ಬಳಿ ವೇಗವಾಗಿ ಹೋಗುತ್ತಿದ್ದ ‘ಬಿಬಿ ಲೈನ್’ ಇಂಜಿನ್ನಿನ ಚಕ್ರದ ಅಚ್ಚು ಮುರಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆದರೆ ತಪಾಸಣೆಗೆಂದು ಅಷ್ಟೂ ಇಂಜಿನ್‌ಗಳನ್ನು ನಿಲ್ಲಿಸಬೇಕಾಯಿತು. ಇವನ್ನು ಹೀಗೇ ಬಿಟ್ಟರೆ ಆಗದು ಅನ್ನುವ ಮಾತಿಗೆ ಬಲ ಬಂತು.

ಮರುನಿರ್ಮಾಣದ ವಿನ್ಯಾಸದ ಹೊಣೆ ಹೊತ್ತವರು ಆರ್. ಜಿ. ಜಾರ್ವಿಸ್. ಅವರ ಜಾಣತನ ನನಗೆ ಕಾಣುವುದು ಏನನ್ನು ಉಳಿಸಿಕೊಂಡರು ಅನ್ನುವುದರಲ್ಲಿ. ಬಾಯ್ಲರ್, ಚಕ್ರ, ಹೊರಗಿನ ಸಿಲಿಂಡರ್ ಹಾಗೇ ಇದ್ದವು. ಚೈನು, ಎಣ್ಣೆ ಪೆಟ್ಟಿಗೆ, ತಗಡಿನ ಕವಚ ಹೋದವು. ಬದಲಿಗೆ ಎಲ್ಲ ಫಿಟ್ಟರ್‌ಗಳಿಗೂ ಗೊತ್ತಿದ್ದ, ಕವಾಟಗಳನ್ನು ಸರಳುಗಳಿಂದ ನಡೆಸುವ ವಾಲ್‌ಶಾರ್ಟ್ಸ್ ಗೇರ್ ಬಂತು. ಹೊಸ ರೂಪದಲ್ಲಿ ಮೊದಲು ಹೊರಬಂದದ್ದು, 1956ರಲ್ಲಿ, ಆ ‘ಬ್ರಿಟಿಷ್ ಇಂಡಿಯಾ ಲೈನ್’. 1959ರ ಹೊತ್ತಿಗೆ 30ಕ್ಕೆ 30 ಮುಗಿದಿದ್ದವು.

ಇವುಗಳ ತಮ್ಮಂದಿರಂತಿದ್ದ 110 ಹಗುರ ಇಂಜಿನ್‌ಗಳಲ್ಲಿ 60ಕ್ಕೂ ಇದೇ ಚಿಕಿತ್ಸೆ ಆಯಿತು. ಆದರೆ ಅವುಗಳ ತೂಕ ಜಾಸ್ತಿಯಾಗಿ, ಇಲ್‌ಫ್ರಾಕೂಂಬ್‌ನಂಥ ಕೆಲವು ಮಾರ್ಗಗಳಿಗೆ ಹೋಗುವಂತಿರಲಿಲ್ಲ. ಅಲ್ಲಿಗೆ ಹಳೇ ರೂಪದವೇ ಬೇಕಾದವು.

ಇಷ್ಟೆಲ್ಲ ದುಡಿದು ಕಟ್ಟಿದ ಇಂಜಿನ್‌ಗಳಿಗೆ ಹೆಚ್ಚು ಆಯುಸ್ಸು ಸಿಗಲಿಲ್ಲ ಅನ್ನುವುದೇ ಬೇಜಾರು. 1967ರ ಜುಲೈಗೆ ಹಳೇ ಸದರ್ನ್ ರೈಲ್ವೆಯ ಭಾಗದಲ್ಲಿ ಉಗಿ ಓಡಾಟವೇ ನಿಂತಿತು. ಮರ್ಚೆಂಟ್ ನೇವಿಯಲ್ಲಿ ಉಳಿದದ್ದು 11. ಅವುಗಳಲ್ಲಿ ‘ಎಲ್ಲರ್‌ಮನ್ ಲೈನ್ಸ್’ ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂನಲ್ಲಿದೆ, ಒಳಗೆಲ್ಲ ಕಾಣುವಂತೆ ಪಕ್ಕ ಕೊಯ್ದಿದ್ದಾರೆ. ‘ಜನರಲ್ ಸ್ಟೀಮ್ ನ್ಯಾವಿಗೇಶನ್’ ಇಂಜಿನ್ನನ್ನಂತೂ ಆಸಕ್ತರ ತಂಡವೊಂದು ಚೈನು ಸಮೇತ ಬುಲೀಡ್ ಕಾಲದ ರೂಪಕ್ಕೇ ಮರಳಿ ತರಲು ಹೊರಟಿದೆ.