ಪಾರ್ಶ್ವವಾಯುವಿನ ನಂತರದ ಡಿಮೆನ್ಷಿಯಾ: ಸುಳಿವು ಕೊಟ್ಟರೆ ನೆನಪಾಗುವುದೇಕೆ?

ಪಾರ್ಶ್ವವಾಯು ಆದ ಹಿರಿಯರೆಲ್ಲರಿಗೂ ಡಿಮೆನ್ಷಿಯಾ, ಅಂದರೆ ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಬುದ್ಧಿಶಕ್ತಿ ಕುಗ್ಗುವುದು, ಬರುವುದಿಲ್ಲ. ಸಂಶೋಧಕರಾದ ಪೆಂಡಲ್‌ಬರಿ ಮತ್ತು ರಾತ್‌ವೆಲ್ ಅವರು 2009ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೊದಲ ಆಘಾತದ ನಂತರ ಹೊಸದಾಗಿ ಡಿಮೆನ್ಷಿಯಾ ಕಾಣಿಸಿಕೊಂಡವರು ಸುಮಾರು ಶೇ. 10 ಮಂದಿ, ಆಘಾತ ಮರುಕಳಿಸಿದವರಲ್ಲಿ ಡಿಮೆನ್ಷಿಯಾ ಇದ್ದವರು ಮೂರನೇ ಒಂದು ಭಾಗಕ್ಕಿಂತಲೂ ಹೆಚ್ಚು. ಇನ್ನೂ ಸುಮಾರು ಶೇ. 10 ಮಂದಿಗೆ ಮೊದಲ ಆಘಾತಕ್ಕೆ ಮುಂಚೆಯೇ ಡಿಮೆನ್ಷಿಯಾ ಇತ್ತು. ಆದ್ದರಿಂದ ಹಿಂದೆ ಹೇಗಿದ್ದರು ಎಂದು ಮನೆಯವರನ್ನು ವಿಚಾರಿಸದೆ ರೋಗಕ್ಕೆ ಹೆಸರಿಡಬಾರದು.

ನನಗೆ ಬಹಳ ಕಾಲ ತೊಡಕಾಗಿದ್ದ ಪ್ರಶ್ನೆ ಇದು: ನೆನಪು ಅಷ್ಟಾಗಿ ಕೆಟ್ಟಿಲ್ಲದಿದ್ದರೂ ಡಿಮೆನ್ಷಿಯಾ ಎನ್ನುವುದು ಹೇಗೆ? ಉತ್ತರ ರಕ್ತನಾಳಗಳ ಹಾದಿಯಲ್ಲಿದೆ. ಮಿದುಳಿನ ಆಳಕ್ಕೆ ಇಳಿಯುವ ಸಣ್ಣ ರಕ್ತನಾಳಗಳು ಅಧಿಕ ರಕ್ತದೊತ್ತಡದಿಂದ ಕೆಡುತ್ತಾ ಬಂದಾಗ, ಮುಂಭಾಗದ ಹಾಲೆಯನ್ನು ಒಳಗಿನ ಕೇಂದ್ರಗಳೊಂದಿಗೆ ಜೋಡಿಸುವ ಬಿಳಿ ನರತಂತುಗಳು ಹಾನಿಗೊಳ್ಳುತ್ತವೆ. ಆಗ ಯೋಚನೆ ನಿಧಾನವಾಗುತ್ತದೆ, ಕೆಲಸದ ಕ್ರಮ ತಪ್ಪುತ್ತದೆ, ವರ್ಷಗಟ್ಟಲೆ ಮನೆಯ ಲೆಕ್ಕ ನೋಡಿಕೊಂಡವರಿಗೂ ತಿಂಗಳ ಖರ್ಚು ಹೊಂದಿಸುವುದು ಕಷ್ಟವಾಗುತ್ತದೆ. ನೆನಪನ್ನು ದಾಖಲಿಸುವ ಹಿಪೊಕ್ಯಾಂಪಸ್ ಮಾತ್ರ ಬಹುಮಟ್ಟಿಗೆ ಉಳಿದಿರಬಹುದು. ಮಾತು ಒಳಗೆ ದಾಖಲಾಗಿದೆ, ಹುಡುಕಿ ಹೊರತೆಗೆಯುವ ಶಕ್ತಿ ಕುಗ್ಗಿದೆ. ಪುಸ್ತಕಗಳೆಲ್ಲ ಇದ್ದೂ ಸೂಚಿಪಟ್ಟಿ ಕಳೆದುಹೋದ ಗ್ರಂಥಾಲಯದಂತೆ.

ಬುದ್ಧಿಶಕ್ತಿಯನ್ನು 30 ಅಂಕಗಳಿಗೆ ಅಳೆಯುವ ಮೋಕಾ (MoCA) ಎಂಬ ಸಣ್ಣ ಪರೀಕ್ಷೆಯಲ್ಲಿ ಇದನ್ನು ನೇರವಾಗಿ ಕಾಣಬಹುದು. ಐದು ಪದಗಳನ್ನು ಹೇಳಿ, ಕೆಲವು ನಿಮಿಷಗಳ ನಂತರ ಕೇಳುತ್ತೇವೆ. ಅವುಗಳಲ್ಲೊಂದು 'ಗುಲಾಬಿ' ಎಂದಿಟ್ಟುಕೊಳ್ಳೋಣ. ತಾವಾಗಿ ಹೇಳಲಾಗದವರಿಗೆ "ಅದೊಂದು ಹೂವು" ಎನ್ನುತ್ತೇವೆ. ಆಗಲೂ ಹೊಳೆಯದಿದ್ದರೆ ಮೂರು ಹೂವುಗಳ ಹೆಸರು ಹೇಳಿ ಆರಿಸಲು ಬಿಡುತ್ತೇವೆ. ಸುಳಿವು ಸಿಕ್ಕೊಡನೆ 'ಗುಲಾಬಿ' ಎಂದರೆ ದೋಷ ಹೊರತೆಗೆಯುವ ಹಂತದಲ್ಲಿದೆ. ಸುಳಿವಿನಿಂದಲೂ ಪ್ರಯೋಜನವಾಗದಿದ್ದರೆ ಪದ ದಾಖಲಾಗಿಯೇ ಇಲ್ಲವೆಂದು ಶಂಕಿಸಬೇಕು, ಅದು ಆಲ್ಝೈಮರ್ಸ್‌ನ ರೀತಿಗೆ ಹತ್ತಿರ. ಸುಳಿವಿನ ನಂತರ ಬಂದ ಉತ್ತರಕ್ಕೆ ಅಂಕವಿಲ್ಲವಾದ್ದರಿಂದ, 30ಕ್ಕೆ ಇಷ್ಟು ಎಂಬ ಮೊತ್ತವನ್ನಷ್ಟೇ ಬರೆದಿಟ್ಟರೆ ಈ ಅಮೂಲ್ಯ ವ್ಯತ್ಯಾಸ ಅಳಿಸಿಹೋಗುತ್ತದೆ. ಯಾವ ಪದ ಯಾವ ಸುಳಿವಿಗೆ ಬಂತೆಂದು ಹಾಳೆಯಲ್ಲಿಯೇ ಗುರುತಿಸಿಡಿ.

ಇದನ್ನೊಂದು ಸೂತ್ರವೆಂದು ನಂಬುವಂತಿಲ್ಲ. ಆಘಾತ ಹಿಪೊಕ್ಯಾಂಪಸ್‌ಗೇ ತಗುಲಿದ್ದರೆ ಸುಳಿವು ಕೆಲಸಕ್ಕೆ ಬಾರದು. ಮಿದುಳಿನ ಆಳದ ಕೇಂದ್ರವಾದ ಥಲಾಮಸ್‌ನಲ್ಲಾದ ಒಂದು ಸಣ್ಣ ಗಾಯವೂ ನೆನಪನ್ನು ತೀವ್ರವಾಗಿ ಕೆಡಿಸಬಲ್ಲದು. ಇಳಿವಯಸ್ಸಿನಲ್ಲಿ ರಕ್ತನಾಳಗಳ ರೋಗ, ಆಲ್ಝೈಮರ್ಸ್ ಎರಡೂ ಕೂಡಿಯೇ ಇರುವುದು ಸಾಮಾನ್ಯ. ಮಾತು ಬಿದ್ದುಹೋದವರಲ್ಲಿ ಈ ಪರೀಕ್ಷೆಯ ಫಲಿತಾಂಶವನ್ನು ಅವಲಂಬಿಸಲಾಗದು. ಆಘಾತದ ಮೊದಲ ದಿನಗಳ ಗೊಂದಲ ಡೆಲಿರಿಯಂ (ಹಠಾತ್ತನೆ ಬರುವ ತಾತ್ಕಾಲಿಕ ಬುದ್ಧಿಭ್ರಮೆ) ಇರಬಹುದು, ನಂತರದ ಮೌನ ಖಿನ್ನತೆಯಿರಬಹುದು. ಆಘಾತವಾದ ಮೂರು ತಿಂಗಳೊಳಗೆ ಶುರುವಾದ ಡಿಮೆನ್ಷಿಯಾವನ್ನು ಆ ಆಘಾತಕ್ಕೆ ಜೋಡಿಸುವ 1993ರ ಮಾನದಂಡವನ್ನು (NINDS-AIREN) ಓದುವಾಗ ಈ ಎರಡನ್ನೂ ನೆನಪಿನಲ್ಲಿಡಬೇಕು.

ಚಿಕಿತ್ಸೆಯ ವಿಷಯದಲ್ಲಿ, ಆಲ್ಝೈಮರ್ಸ್‌ಗೆ ಕೊಡುವ ಡೊನೆಪೆಝಿಲ್‌ನಂಥ ಔಷಧಗಳ ಲಾಭ ಇಲ್ಲಿ ಅಲ್ಪ. ಮುಂದಿನ ಆಘಾತವನ್ನು ತಡೆಯುವುದೇ ಮುಖ್ಯ: ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಲಯ ತಪ್ಪಿದ ಹೃದಯಬಡಿತ ಇವುಗಳನ್ನು ಪ್ರತಿ ಭೇಟಿಯಲ್ಲೂ ವಿಚಾರಿಸಬೇಕು, ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ಕೊಡುವವರು ಮನೆಯಲ್ಲಿ ಯಾರು ಎಂಬುದನ್ನೂ ಕೇಳಬೇಕು.